ಜ್ವರದಿಂದೆದ್ದ ಹುಳ

ಬೆಳಿಗ್ಗೆ ಕಣ್ಣು ಬಿಟ್ಟವನಿಗೆ ಮನೆ ತೀರಾ ಸದ್ದಿಲ್ಲದೆ ಇದೆ ಅನ್ನಿಸಿತು. ನಡುಮನೆಯ ಚಾಪೆಯ ಮೇಲೆ ಮಲಗಿದ್ದ ಶಿವನಂಜಯ್ಯ ಹಾಗೇ ಕಿವಿಗೊಟ್ಟ. ಪಕ್ಕದ ಕೋಣೆಯಿಂದ ರೇಷ್ಮೆಹುಳ ಸೊಪ್ಪು ಕಡಿಯುವ ಚರಚರ ಸದ್ದು ಒಂದೇ ಸಮನೆ ಬರಬೇಕಿತ್ತು. ಆ ಸದ್ದಿನಲ್ಲೇ ಅವನು ಹುಟ್ಟಿ ಬೆಳೆದದ್ದು. ಹುಳ ಪೊರೆ ಬಿಡುವ ಮೊದಲು ತಲೆ ಎತ್ತಿ ಅಲುಗಾಡದೆ ನಿಲ್ಲುವುದಕ್ಕೆ ಕುಂತೂರಿನಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಹಸಿದ ಕೂಲಿಯಾಳಿನ ಹಾಗೆ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಈ ಮನೆಯ ಹುಳ ನಾಲ್ಕನೇ ಜ್ವರದಿಂದೇನೋ ಎದ್ದವು, ಆದರೆ ತಿನ್ನಲಿಲ್ಲ. ಬುಧವಾರದಿಂದ ಬಿದಿರು ತಟ್ಟೆಯ ಅಂಚು ಹತ್ತಿ ಸುಮ್ಮನೆ ಸುತ್ತುತ್ತ, ಮೈ ಊದಿಸಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಕಾರುತ್ತ ಸಾಯತೊಡಗಿದ್ದವು. ಹಾಲು ತೊಂಡೆ ರೋಗ. ಅದರ ಹೆಸರು ಶಿವನಂಜಯ್ಯನಿಗೆ ಮೂರು ಭಾಷೆಯಲ್ಲಿ ಗೊತ್ತಿತ್ತು, ಮದ್ದು ಒಂದರಲ್ಲೂ ಗೊತ್ತಿರಲಿಲ್ಲ.

"ಉಳ ಎಲ್ಲ ಮಣ್ಣಾಯ್ತಾ ಅವೆ, ಜಪಾನು ಸಾಹೇಬ್ರು ಇನ್ನೂ ಮಲಗವ್ರೆ," ಎಂದು ಅಣ್ಣ ಪುಟ್ಟಸಿದ್ದಯ್ಯ ಹಿತ್ತಲ ಕಡೆಯಿಂದ ಹೇಳಿದ್ದು ಕೇಳಿಸಿತು. ಸತ್ತ ಹುಳಗಳನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಯ ಪಕ್ಕ ಗುಂಡಿ ತೆಗೆದು ಸುರಿಯುತ್ತಿದ್ದ. ಶಿವನಂಜಯ್ಯ ಎದ್ದು ಹೋಗಿ ಸನಿಕೆಗೆ ಕೈ ನೀಡಿದ. ಅಣ್ಣ ಕೊಡಲಿಲ್ಲ. "ಬುಡು, ನಿನ್ ಬಟ್ಟೆ ಕೊಳೆಯಾಯ್ತದೆ," ಅಂದ. ಅದರಲ್ಲಿ ಕೋಪ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಊರಿಗೆ ಬಂದ ನೆಂಟನನ್ನು ಕೂರಿಸುವ ದನಿ ಅದು. ಶಿವನಂಜಯ್ಯ ಏನು ಮಾಡಬೇಕೋ ತೋಚದೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. ರೇಷ್ಮೆಯ ಓದಿಗೆಂದು ಹೋಗಿ ಒಂದು ವರ್ಷ ಜಪಾನಿನಲ್ಲಿ ಎಲ್ಲರಿಗೂ ಹಾಗೆ ಬಾಗಿ ಬಾಗಿ ಅದೊಂದು ಚಾಳಿಯಾಗಿಬಿಟ್ಟಿತ್ತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ದಿನವೂ ಕಂಡಕ್ಟರಿಗೆ ಹಾಗೇ ಬಾಗಿದ್ದ. ಏನೋ ಬಿದ್ದುಹೋಯಿತೇನೋ ಎಂದು ಕಂಡಕ್ಟರು ಪಾಪ ಅವನ ಕಾಲ ಬುಡದಲ್ಲಿ ಹುಡುಕಿದ್ದ.

ಹಿತ್ತಲ ಚಪ್ಪರದ ಕೆಳಗೆ ಅತ್ತಿಗೆ ಶಂಕರಮ್ಮ ಸೀರೆ ಮಡಿಸುತ್ತಿದ್ದಳು. ಇದ್ದದ್ದು ಕೆಲವೇ ಸೀರೆ. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸುತ್ತಿದ್ದಳು. ಇವತ್ತು ಅವಳನ್ನು ತವರಿಗೆ ಕಳಿಸುತ್ತಾರೆ. ತವರು ಹನೂರು ದಾಟಿ ಕೌದಳ್ಳಿ. ಮುಂದಿನ ಬೆಳೆ ಏಳುವವರೆಗೆ ಅಂತ ಅವ್ವ ಸೋಮಮ್ಮ ನೆನ್ನೆ ಬಾಯಿಮಾತಿಗೆ ಹೇಳಿದ್ದಳು. ಕಳಿಸಿದ ಮೇಲೆ ಕರೆಯಲು ಯಾರೂ ಹೋಗುವುದಿಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬಿರಲಿಲ್ಲ. ಯಳಂದೂರಿನ ಕಡೆಯಿಂದ ಯಾವುದೋ ಹೆಣ್ಣಿನ ಮಾತು ಆಗಲೇ ಅವ್ವನ ಕಿವಿಗೆ ಬಿದ್ದಿತ್ತು. ಬೇಕಾಗಿದ್ದುದು ಒಂದು ನೆಪ. ಅದನ್ನು ಹುಳ ಒದಗಿಸಿಕೊಟ್ಟವು.

ಹುಳ ಮೇಯುವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬಾಡು ಬೇಯಿಸುವಂತಿಲ್ಲ, ಸಾವಿನ ಮನೆಗೆ ಹೋಗಿಬಂದವರು ಹುಳದ ಕೋಣೆಗೆ ಕಾಲಿಡುವಂತಿಲ್ಲ, ಹೊರಗಾದ ಹೆಂಗಸು ಆ ಬಾಗಿಲ ಕಡೆ ತಲೆ ಹಾಕುವಂತಿಲ್ಲ. ಬುಧವಾರ ಬೆಳಿಗ್ಗೆ ಶಂಕರಮ್ಮ ಸೊಪ್ಪಿನ ಬುಟ್ಟಿ ಹಿಡಿದು ಆ ಬಾಗಿಲಲ್ಲಿ ನಿಂತಿದ್ದನ್ನು ಅವ್ವ ಕಂಡಿದ್ದಳು. ಅದೇ ದಿನ ಶಂಕರಮ್ಮ ಹೊರಗಾಗಿ ಹಿತ್ತಲಲ್ಲಿ ಕೂತಿದ್ದೂ ನಿಜ. ಎರಡನ್ನೂ ಕೂಡಿಸಲು ಯೂನಿವರ್ಸಿಟಿ ಬೇಕಿರಲಿಲ್ಲ.

ಶಿವನಂಜಯ್ಯ ನೆನ್ನೆ ಹೇಳಿ ನೋಡಿದ್ದ. "ಅವ್ವಾ, ಈ ರೋಗ ಇವತ್ತು ತಗುಲಿ ಇವತ್ತೇ ಕಾಣಕಿಲ್ಲ. ನಾಕೈದು ದಿನ ಒಳಗೇ ಇರ್ತದೆ. ಬುಧವಾರ ಬಿದ್ದ ಉಳಕ್ಕೆ ಹಿಂದಿನ ವಾರಾನೇ ತಗುಲಿತ್ತು. ಸೊಪ್ಪಿಂದ ಬಂದಿರಬೈದು, ತಟ್ಟೆಯಿಂದ ಬಂದಿರಬೈದು. ಅತ್ಗೆಯಿಂದಲ್ಲ." ಮಾತು ಮುಗಿಯುವಷ್ಟರಲ್ಲಿ ತನ್ನ ಕೈ ಮೇಷ್ಟರ ಕೈಯಂತೆ ಗಾಳಿಯಲ್ಲಿ ಆಡುತ್ತಿರುವುದು ಅವನಿಗೇ ಕಂಡು ನಾಚಿಕೆಯಾಯಿತು. ಅವ್ವ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿರಲಿಲ್ಲ. ಅಣ್ಣ ಮಾತ್ರ ಕೇಳಿದ: "ಆಯ್ತು, ವಾಸಿ ಮಾಡು ಮತ್ತೆ." ವಾಸಿ ಮಾಡಲು ಬರುವುದಿಲ್ಲ; ಬಿದ್ದದ್ದನ್ನು ಆರಿಸಿ ಹೂಳಬೇಕು, ಸುಣ್ಣದ ಪುಡಿ ಎರಚಬೇಕು, ಅಷ್ಟೇ ಅಂದಿದ್ದ ಶಿವನಂಜಯ್ಯ. "ಅದ ನಾನೂ ಮಾಡ್ತಿವ್ನಿ. ಇದ ಕಲೀಕೆ ಅಡಗು ಅತ್ತಿ ಅಷ್ಟು ದೂರ ಓಗಿದ್ಯಾ?" ಅಂದಿದ್ದ ಅಣ್ಣ. ಆ ರಾತ್ರಿ ಶಿವನಂಜಯ್ಯನಿಗೆ ಊಟ ಸೇರಲಿಲ್ಲ.

ಈಗ ಹಿತ್ತಲ ಕಲ್ಲಿನ ಮೇಲೆ ಕೂತು ಅವನು ಅತ್ತಿಗೆಯ ಬೆನ್ನು ನೋಡುತ್ತಿದ್ದ. ಪಾಪ, ಹುಳ ಹೇಗಿವೆಯೋ ಎಂದು ಒಂದು ಗಳಿಗೆ ಒಳಗೆ ಹೋಗಿರಬೇಕು. ಹೋದರೇನು? ಹೋಗಬಾರದು ಅನ್ನುವುದೇ ಮೂರ್ಖತನ. ಹೀಗೆ ಅಂದುಕೊಂಡಾಗ ಅವನ ಮನಸ್ಸಿಗೆ ಹಿತವಾಯಿತು, ಅವಳ ತಪ್ಪನ್ನು ತಾನೇ ಮನ್ನಿಸಿದಂತೆ ಆಯಿತು. ಆ ಹಿತದ ಬೆನ್ನಿಗೇ ಬೇರೊಂದು ನೆನಪು ಬಂದು ಕೂತಿತು. ಜಪಾನಿನ ಯೂನಿವರ್ಸಿಟಿಯ ದೊಡ್ಡ ಕಿಟಕಿಯ ಹಾಲಿನಲ್ಲಿ, ಹೊರಗೆ ಹಿಮ ಬಿದ್ದು ಬೆಟ್ಟವೆಲ್ಲ ಬೆಳ್ಳಗಿದ್ದಾಗ, ಪ್ರೊಫೆಸರ್ ಹಯಾಶಿ ಅವನನ್ನು ಎದ್ದು ನಿಲ್ಲಿಸಿದ್ದರು. ಭಾರತದಿಂದ ಒಂದು ವರ್ಷಕ್ಕೆ ಬಂದ ಅತಿಥಿ ವಿದ್ಯಾರ್ಥಿ. ಅವರ ಊರಲ್ಲಿ ಹುಳ ಸಾಕುವುದು ಹೇಗೆಂದು ಹೇಳುತ್ತಾರೆ, ಕೇಳಿ, ಎಂದಿದ್ದರು. ಅವನ ಹರಕು ಇಂಗ್ಲಿಷು, ಅವರ ಹರಕು ಇಂಗ್ಲಿಷು. ಹಿಪ್ಪುನೇರಳೆ, ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ ಎಂದು ಏನೇನೋ ಹೇಳಿದರೂ ಯಾರ ಮುಖದಲ್ಲೂ ಮಿಸುಕಾಟವಿಲ್ಲ. ಆಗ ಇದ್ದಕ್ಕಿದ್ದಂತೆ ತನ್ನ ತಾಯಿಯ ಬಗ್ಗೆ ಹೇಳತೊಡಗಿದ. ಹುಳಕ್ಕೆ ಮಕ್ಕಳು ಅನ್ನುತ್ತಾಳೆ, ಜ್ವರದಲ್ಲಿರುವಾಗ ಯಾರೂ ಕೆಮ್ಮಬಾರದು ಅನ್ನುತ್ತಾಳೆ, ಮುಟ್ಟಾದ ಸೊಸೆಯನ್ನು ಹಿತ್ತಲಿಗೆ ಅಟ್ಟುತ್ತಾಳೆ. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ತುದಿಗಾಲಲ್ಲಿ ಕೋಣೆಗೆ ಹೋಗುವುದನ್ನು ಮೇಜಿನ ಮುಂದೆ ನಡೆದೂ ತೋರಿಸಿದ. ಹಾಲಿಗೆ ಹಾಲೇ ನಕ್ಕಿತು. ಬಂದು ತಿಂಗಳುಗಳಾದ ಮೇಲೆ ಮೊದಲ ಸಲ ಅವರು ಅವನನ್ನು ನೋಡಿ ಸಂತೋಷಪಟ್ಟಿದ್ದರು. ಅವನೂ ನಕ್ಕ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ಚಪ್ಪಾಳೆ ತಟ್ಟಿದಾಗ ಬಾಗಿದ.

ಅದೇ ಸಂಜೆ ಪ್ರೊಫೆಸರು ತಮ್ಮ ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಅವರದ್ದೂ ಹುಳ ಸಾಕುವ ಮನೆ. ಹುಳ ಮೇಯುವ ಕಾಲದಲ್ಲಿ ಅವರ ಮುದಿ ತಾಯಿಯೂ ಅವಕ್ಕೆ ಗೌರವದ ಬಹುವಚನ ಹಚ್ಚಿ ಮಾತಾಡಿಸುತ್ತಿದ್ದಳಂತೆ. ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಗಲಿಲ್ಲ. ಅದು ಶಿವನಂಜಯ್ಯನಿಗೆ ಚುಚ್ಚಿತು. ಆಮೇಲೆ ಆ ಮುದುಕಿ ಒಂದು ಬಟ್ಟಲು ತಂದಿಟ್ಟಳು. ನೂಲು ತೆಗೆದಾದ ಗೂಡಿನೊಳಗಿನ ಹುಳ, ಸಕ್ಕರೆ ಮತ್ತು ಯಾವುದೋ ಕಪ್ಪು ನೀರಿನಲ್ಲಿ ಬೇಯಿಸಿ ಹೊಳೆಯುತ್ತಿದ್ದವು. ಹಬ್ಬಕ್ಕೆ ಮರಿ ಕಡಿಯುವ ಮನೆಯವನು ಅವನು, ಮಾಂಸಕ್ಕೆ ಹೆದರುವವನಲ್ಲ. ಆದರೆ ಇದು ಮಾಂಸವಲ್ಲ. ಇದು ಅವ್ವ ಮಕ್ಕಳು ಎಂದು ಕರೆಯುವುದು. ಮುದುಕಿ ಅವನನ್ನೇ ನೋಡುತ್ತಿದ್ದಳು. ಬೇಡ ಅಂದರೆ ಅವಳಿಗೆ ಅವಮಾನ. ಮೊದಲ ಬಟ್ಟಲು ಮರ್ಯಾದೆಗೆ ತಿಂದ. ಹುರಿದ ಕಡಲೆಕಾಯಿಯ ಹಾಗೆ ರುಚಿಯಾಗಿತ್ತು. ಇನ್ನೊಂದು ಬಟ್ಟಲು ತಂದಳು. ಎರಡನೆಯದನ್ನು ಅವನು ತಿಂದದ್ದು ಯಾರ ಮರ್ಯಾದೆಗೂ ಅಲ್ಲ.

ಸೋಮವಾರ ಊರಿಗೆ ಬಂದವನನ್ನು ಅವ್ವ ಕೈಹಿಡಿದು ಮೊದಲು ಕರೆದೊಯ್ದದ್ದು ಹುಳದ ಕೋಣೆಗೆ. "ನೋಡ್ರಪ್ಪಾ, ನಿಮ್ಮಣ್ಣ ಬಂದ," ಎಂದು ತಟ್ಟೆಗಳಿಗೆ ಹೇಳಿದ್ದಳು. ಅವು ತಲೆ ಎತ್ತಿ ನಿಂತಿದ್ದವು. ಜ್ವರದ ಹುಳ ಹಾಗೇ ನಿಲ್ಲುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ಆದರೂ ಅವನು ಬಾಗಿಲ ಕಡೆ ಹಿಂದೆ ಸರಿದ. ಮೂರನೇ ದಿನಕ್ಕೆ ರೋಗ. ತಗುಲಿದ್ದು ಹಿಂದಿನ ವಾರ, ನಾನು ಹಡಗಿನಿಂದಲೂ ಇಳಿದಿರಲಿಲ್ಲ, ಎಂದು, ಅತ್ತಿಗೆಯ ಪರವಾಗಿ ಹೇಳಿದ್ದನ್ನೇ ಅವನು ತನಗೂ ಹೇಳಿಕೊಂಡ. ಲೆಕ್ಕ ಸರಿಯಾಗಿತ್ತು. ಹುಳ ತಿಂದ ಹೊಟ್ಟೆ ಮಾತ್ರ ಲೆಕ್ಕ ಕೇಳುತ್ತಿರಲಿಲ್ಲ. ಅತ್ತಿಗೆಯಿಂದಲ್ಲ ಎಂದು ನಂಬುವುದು ಸುಲಭವಾಗಿತ್ತು. ತನ್ನಿಂದಲ್ಲ ಎಂದು ನಂಬುವುದು ಯಾಕೆ ಇಷ್ಟು ಕಷ್ಟ?

ಅಲ್ಲೇ, ಸೀರೆ ಮಡಿಸುವ ಅವಳ ಕೈ ನೋಡುತ್ತಿದ್ದಾಗ, ಅವನಿಗೆ ಹೊಳೆಯಿತು. ನಿಜ ಹೇಳಿದರೆ ಇವರು ನಂಬುವುದಿಲ್ಲ. ಆದರೆ ತಾನು ಹುಳ ತಿಂದೆ ಅಂದರೆ ನಂಬುತ್ತಾರೆ. ಹುಳ ತಿಂದು ಬಂದವನು ಹುಳದ ಮುಂದೆ ನಿಂತ, ಹುಳ ಸತ್ತವು. ಅವ್ವನ ಲೋಕದಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು? ಸುಳ್ಳಲ್ಲ, ತಿಂದದ್ದು ನಿಜ. ಅದರಿಂದ ಸತ್ತವು ಅನ್ನುವುದು ಸುಳ್ಳು, ಆದರೆ ಅದನ್ನು ಅವನು ಹೇಳಬೇಕಾಗಿಲ್ಲ, ಅವರೇ ಹೇಳಿಕೊಳ್ಳುತ್ತಾರೆ. ಊರು ಕ್ಯಾಕರಿಸಿ ಉಗಿಯುತ್ತದೆ. ಉಗಿಯಲಿ. ಅವಳು ಉಳಿಯುತ್ತಾಳೆ. ಹೀಗೆ ಯೋಚಿಸುತ್ತ ಅವನಿಗೆ ಕಣ್ಣು ತೇವವಾಯಿತು. ಅದು ಅವಳಿಗಾಗಿಯೋ ತನಗಾಗಿಯೋ ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಶಂಕರಮ್ಮ ತಿರುಗಿ ನೋಡಿದಳು. ಅವಳ ತುಟಿ ಏನನ್ನೋ ಕಾಯುವಂತೆ ಸ್ವಲ್ಪ ತೆರೆದಿತ್ತು. "ಯೋಚ್ನೆ ಮಾಡ್ಬೇಡಿ ಅತ್ಗೆ, ನಾನು ನೋಡ್ಕತೀನಿ," ಅಂದ. ಅವಳು ಇನ್ನೂ ಸ್ವಲ್ಪ ಹೊತ್ತು ಅವನನ್ನೇ ನೋಡಿ, ಸೀರೆಗಳನ್ನು ಗಂಟು ಕಟ್ಟಿದಳು.

ಮಧ್ಯಾಹ್ನ ಅಣ್ಣತಮ್ಮ ಇಬ್ಬರೂ ಉಣ್ಣಲು ಕೂತರು. ಅವ್ವ ಮುದ್ದೆ ಇಟ್ಟು ಉಪ್ಪುಸಾರು ಬಿಟ್ಟಳು. ಶಂಕರಮ್ಮ ಗಂಟು ತಬ್ಬಿಕೊಂಡು ಹಿತ್ತಲ ಬಾಗಿಲಾಚೆ ಕೂತಿದ್ದಳು. ಅವಳ ಸೆರಗಿನ ತುದಿ ಹೊಸ್ತಿಲ ಬಳಿ ಕಾಣುತ್ತಿತ್ತು. ಶಿವನಂಜಯ್ಯ ಮುದ್ದೆ ಮುರಿದು ಹಾಗೇ ಹಿಡಿದ. ಬೆಳಗಿನಿಂದ ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿಗೋ ಹೋಗಿ, ಬಾಯಿಂದ ಬಂದದ್ದು ಇಷ್ಟೇ.

"ಅವ್ವಾ, ಅಲ್ಲಿ ನಾನು ಉಳ ತಿಂದಿದ್ದೆ."

"ಯಾವ ಉಳ?"

"ನಮ್ಮುಳಾನೇ. ರೇಸ್ಮೆ ಉಳ. ಗೂಡೊಳಗಿಂದು. ಬೇಯ್ಸಿಕೊಟ್ರು, ತಿಂದೆ." ಮುರಿದ ತುತ್ತನ್ನು ತಟ್ಟೆಗೆ ಇಟ್ಟ. "ಎರಡು ಸಲ ತಿಂದೆ. ಬಂದ ದಿನ ನೀನೇ ನನ್ನ ಒಳಕ್ಕೆ ಕರ್ಕೊಂಡೋದೆ. ಆಮೇಲೇ ಅಲ್ವಾ ಉಳ ಬಿದ್ದದ್ದು?"

ಹೇಳಬಾರದು ಅಂದುಕೊಂಡಿದ್ದ ಕೊನೆಯ ಮಾತನ್ನೂ ಹೇಳಿಬಿಟ್ಟಿದ್ದ. ಪುಟ್ಟಸಿದ್ದಯ್ಯ ಬಾಯಿಯ ತುತ್ತು ನುಂಗದೆ ಕೂತ. ಅವ್ವನ ಸೌಟು ಸಾರಿನ ಮಡಕೆಯ ಮೇಲೆ ನಿಂತಿತು. ಈಗ ಸಿಡಿಲು ಬೀಳುತ್ತದೆ, ಬೀಳಲಿ ಎಂದು ಶಿವನಂಜಯ್ಯ ತಲೆ ತಗ್ಗಿಸಿ ಕಾದ. ಅವ್ವ ಸೌಟು ಕೆಳಗಿಟ್ಟಳು. ಹತ್ತಿರ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು.

"ತಿನ್ನಕೆ ಬೇರೆ ಏನೂ ಕೊಡ್ತಿರ್ನಿಲ್ವಾ ಕಂದಾ, ಆ ಮನೆಹಾಳ್ರು?" ಅಂದಳು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. "ಅಷ್ಟು ಅಸ್ಕಂಡಿದ್ಯಾ ನೀನು? ಅದಕ್ಕೇ ಕಣಪ್ಪ ಇಂಗೆ ಕಡ್ಡಿ ಆಗಿ ಬಂದಿರೋದು. ನಾನು ಇಲ್ಲಿ ಮೂರೊತ್ತೂ ಉಣ್ತಿದ್ನಲ್ಲಪ್ಪೋ."

"ಅಸಿವಿಗಲ್ಲ ಅವ್ವಾ..."

"ಏ, ಸುಮ್ಕಿರು. ಉಣ್ಣು." ಅವಳು ಇನ್ನೊಂದು ಮುದ್ದೆ ಇಟ್ಟಳು. ಪುಟ್ಟಸಿದ್ದಯ್ಯ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕ. "ಎಂಗಿತ್ಲಾ? ನೂಲು ಬಾಯ್ಗೆ ಸುತ್ಕಳ್ನಿಲ್ವಾ?" ಎಂದು ಕೇಳಿ, ತಾನು ಕೇಳಿದ್ದಕ್ಕೆ ತಾನೇ ಕೆಮ್ಮು ಹತ್ತುವಷ್ಟು ನಕ್ಕ. ಆ ನಗುವಿನಲ್ಲಿ ಪ್ರೀತಿ ಇತ್ತು. ಬಂದ ದಿನದಿಂದ ಅಣ್ಣನ ಬಾಯಿಂದ ಒಂದು ಪ್ರೀತಿಯ ಮಾತಿಗೆ ಹಪಹಪಿಸುತ್ತಿದ್ದವನಿಗೆ ಅದು ಈಗ, ಇದಕ್ಕೆ ಸಿಕ್ಕಿತು. ಶಿವನಂಜಯ್ಯನಿಗೆ ಎಲ್ಲ ಕಲಸಿಹೋಯಿತು. ಮಹಾ ಪಾಪವೆಂದು ತಿಂಗಳುಗಟ್ಟಲೆ ಹೊತ್ತು ತಂದದ್ದನ್ನು ಇವರು ತಮಾಷೆ ಮಾಡಿ ಮುಗಿಸಿಬಿಟ್ಟರು.

"ಅಂಗಾದ್ರೆ ಅತ್ಗೆ ಓಗದು ಬೇಡ," ಅಂದ, ಸೋತ ದನಿಯಲ್ಲಿ. "ತಪ್ಪು ನಂದು."

"ನಿಂದೇನು ತಪ್ಪು? ಅದು ಅವರ ದೇಸದ ಉಳ, ಇದು ನಮ್ಮುಳ. ಗಂಡುಮಕ್ಳು ಒರಗಡೆ ಓದ್ಮೇಲೆ ಏನೋ ತಿಂತವೆ, ಏನೋ ಉಣ್ತವೆ. ಒಳೇಲಿ ಒಂದು ಮುಳುಗು ಆಕ್ಬುಟ್ರೆ ಓಯ್ತು."

"ಅತ್ಗೇಗೂ ಅದೇ ಒಳೆ ಇಲ್ವಾ, ಅವ್ವಾ? ಅವರೂ ಮುಳುಗಿ ಏಳ್ಲಿ."

ಅವ್ವ ಸೌಟೆತ್ತಿಕೊಂಡು ಸಾರು ಕದಡಿದಳು. ಪುಟ್ಟಸಿದ್ದಯ್ಯನ ನಗು ನಿಂತಿತು. ಅವನು ತಮ್ಮನನ್ನು ನೋಡಿದ. ಕೈ ನೆಕ್ಕಿಕೊಳ್ಳುತ್ತ, ನಿಧಾನವಾಗಿ, ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ ನೋಡಿದ. "ಬಂದು ಒಂದ್ ವಾರ ಆಗಿಲ್ಲ. ನನ್ನೆಂಡ್ತಿ ಉಸಾಬರಿ ನಿಂಗ್ಯಾಕ್ಲಾ ಇಷ್ಟು?" ಅಂದ.

ಶಿವನಂಜಯ್ಯನ ಮುಖಕ್ಕೆ ರಕ್ತ ನುಗ್ಗಿತು. ಅಂಥದ್ದೇನೂ ಇರಲಿಲ್ಲ. ಇಲ್ಲ ಎಂದು ಹೇಳಲು ಬಾಯಿ ತೆಗೆದರೆ, ಏನೋ ಇದೆ ಎಂದೇ ಆಗುತ್ತದೆ. ಹೊಸ್ತಿಲ ಬಳಿಯ ಸೆರಗಿನ ತುದಿ ಸರ್ರನೆ ಆಚೆ ಸರಿಯಿತು. ಅವಳಿಗೂ ಕೇಳಿಸಿತ್ತು. ಅವನು ತಟ್ಟೆಯ ಮೇಲೆ ಬಾಗಿ ಎರಡನೆಯ ಮುದ್ದೆಯನ್ನು ಮುರಿದು ಉಂಡ. ಊಟ ಮುಗಿದ ಮೇಲೆ ಅವ್ವ ಅವನಿಗೇ ಹೇಳಿದಳು: "ಕೊಳ್ಳೇಗಾಲದ ಗಂಟ ಓಗಿ ಬಸ್ ಅತ್ತಿಸ್ಬುಟ್ಟು ಬಾ. ನಿಮ್ಮಣ್ಣಂಗೆ ಗುಂಡಿ ಮುಚ್ಚದದೆ."

ಕುಂತೂರಿನಿಂದ ಕೊಳ್ಳೇಗಾಲಕ್ಕೆ ಬರುವ ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ. ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟ, ಮತ್ತೆ ಕಬ್ಬಿನ ಗದ್ದೆ. ತಾನು ಮಾಡಿದ್ದು ಸರಿಯೋ ತಪ್ಪೋ ಅನ್ನುವುದನ್ನು ಅವನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಅಣ್ಣನ ಮಾತಿಗೆ ಹೆದರಿ ಸುಮ್ಮನಾದದ್ದು ಹೇಡಿತನ, ಸರಿ. ಆದರೆ ಹೇಳಬಾರದ್ದನ್ನೆಲ್ಲ ಹೇಳಿದೆನಲ್ಲ. ನನ್ನ ಮರ್ಯಾದೆ ತೆಗೆದು ಮುಂದಿಟ್ಟೆ, ಅವರಿಗೆ ಅದು ಬೇಕಾಗಲಿಲ್ಲ. ನನ್ನ ಪಾಪಕ್ಕೆ ಈ ಮನೆಯಲ್ಲಿ ತೂಕವೇ ಇಲ್ಲವಲ್ಲ. ಹೀಗೆ ಯೋಚಿಸುವಾಗ ಅವನಿಗೆ ದುಃಖಕ್ಕಿಂತ ಹೆಚ್ಚಾಗಿ ಅವಮಾನವೇ ಆದದ್ದು, ಯಾರೋ ತನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತೆ. ಜೊತೆಗೆ ಒಂದು ನೆಮ್ಮದಿಯೂ ಇತ್ತು. ಹುಳ ತಿಂದ ವಿಷಯ ಇನ್ನು ಹೊಟ್ಟೆಯೊಳಗೆ ಕೊಳೆಯಬೇಕಾಗಿಲ್ಲ. ಆ ನೆಮ್ಮದಿ ಇರುವುದು ಗೊತ್ತಾಗಿ ಅವನು ಕಂಬಿ ಹಿಡಿದ ತನ್ನ ಕೈಯನ್ನೇ ದಿಟ್ಟಿಸಿದ.

ಸ್ಟ್ಯಾಂಡಿನಲ್ಲಿ ಹನೂರಿನ ಮೇಲೆ ಕೌದಳ್ಳಿಗೆ ಹೋಗುವ ಬಸ್ಸು ನಿಂತಿತ್ತು. ರೇಷ್ಮೆ ಗೂಡಿನ ಮೂಟೆ ಇಳಿಸುತ್ತಿದ್ದವರು ದಾರಿ ಬಿಡಿ ಎಂದು ಕೂಗುತ್ತಿದ್ದರು. ಶಂಕರಮ್ಮ ಹತ್ತಿ ಕಿಟಕಿಯ ಬಳಿ ಕೂತಳು. ಅವನು ಹೊರಗೆ, ಕಿಟಕಿಯ ಕೆಳಗೆ ನಿಂತ. ಏನಾದರೂ ಹೇಳಬೇಕಿತ್ತು.

"ಸ್ವಲ್ಪ ದಿನ ಬುಟ್ಟು ಅವ್ವನಿಗೆ ಇನ್ನೊಂದ್ಸಲ ಏಳ್ತೀನಿ ಅತ್ಗೆ. ನೀವು ಒಳಗೆ ಓಗಿದ್ದಕ್ಕೂ ರೋಗಕ್ಕೂ ಏನೂ ಸಂಬಂಧ ಇಲ್ಲ. ಅದ ನಾನು ಓದಿವ್ನಿ."

ಶಂಕರಮ್ಮ ಕಿಟಕಿಯ ಕಂಬಿಯ ಮೇಲೆ ಕೈಯಿಟ್ಟು ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ನಾನು ಒಳಕ್ಕೆ ಓಗೇ ಇರ್ನಿಲ್ಲ ಕಣಪ್ಪ."

"ಏನು?"

"ಬುಟ್ಟಿ ಬಾಗ್ಲಲ್ಲಿ ಮಡಗಿ ಇಂದಕ್ಕೆ ಬಂದೆ. ಒರಗಾದದ್ದು ಅವತ್ತು ಸಂಜೇಲಿ. ಒಳಕ್ಕೆ ಓಗಿದ್ಯಾ ಅಂತ ನಿಮ್ಮವ್ವ ಕೇಳ್ನಿಲ್ಲ. ನಿಮ್ಮಣ್ಣ ಕೇಳ್ನಿಲ್ಲ. ನೀನು ದೊಡ್ಡ ಓದು ಓದ್ಕಂಡು ಬಂದಿದ್ದೀಯ, ನೀನಾದ್ರೂ ಕೇಳ್ತೀಯ ಅಂತ ಬೆಳಗಿಂದ ನಿನ್ ಮೊಕಾನೇ ನೋಡ್ತಿದ್ದೆ."

ಇಂಜಿನ್ನು ಚಾಲೂ ಆಯಿತು. ಶಿವನಂಜಯ್ಯ ಕಿಟಕಿಯ ಕಂಬಿ ಹಿಡಿದುಕೊಂಡ. "ಇಳೀರಿ ಅತ್ಗೆ, ವಾಪಸ್ ಓಗಣ, ಓಗಿ ಏಳಣ," ಅಂದ. ಅಂದದ್ದು ಅವನಿಗೇ ಕೇಳಿಸಿತೋ ಇಲ್ಲವೋ. ಕಂಡಕ್ಟರು ಅವನ ಬೆರಳು ಬಿಡಿಸಿ, "ಬುಡಿ ಸಾ, ಟೈಮಾಯ್ತು," ಅಂದ. ಹತ್ತಬೇಕೋ ನಿಲ್ಲಬೇಕೋ ತಿಳಿಯದೆ ಅವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದ. ಶಂಕರಮ್ಮ ಗಂಟನ್ನು ತೊಡೆಯಿಂದ ಎತ್ತಿ ಪಕ್ಕದ ಖಾಲಿ ಸೀಟಿನಲ್ಲಿ ಇಟ್ಟು, ಮುಖ ಮುಂದಕ್ಕೆ ತಿರುಗಿಸಿ ಕೂತಳು.